ಎರಡು ಸಲ ಜಾಲಿ ಬಿತ್ತಿದವರು

ರೇಂಜರ್ ಸಾಹೇಬರ ಬಲಗೈಯ ತೋರುಬೆರಳು ಮಡಚುತ್ತಿರಲಿಲ್ಲ. ಸೀಮೆಜಾಲಿಯ ಮುಳ್ಳೊಂದು ಗೆಣ್ಣಿನೊಳಗೆ ಮುರಿದು ಕೂತು, ಕೀವಾಗಿ, ವಾಸಿಯಾಗಿ, ಆ ಬೆರಳನ್ನು ಕಡ್ಡಿಯಂತೆ ನೆಟ್ಟಗೆ ಮಾಡಿಬಿಟ್ಟಿತ್ತು. ಟೀ ಲೋಟ ಹಿಡಿದರೂ ಗುದ್ದಲಿ ಹಿಡಿದರೂ ಆ ಬೆರಳು ಮಾತ್ರ ಎದುರಿಗಿದ್ದವರ ಕಡೆಗೇ ಚಾಚಿಕೊಂಡಿರುತ್ತಿತ್ತು. ಮೊದಲ ದಿನ ನಮ್ಮವ್ವನಿಗೆ ಸಿಟ್ಟು ಬಂದದ್ದು ಅದಕ್ಕೇ. "ಬೆಳ್ಳು ತೋರ್ಸಿ ಮಾತಾಡ್ಬ್ಯಾಡಿ ಸಾಬ್ರೆ" ಅಂದಿದ್ದಳು. ಅವರು ವಿವರಿಸಲು ಹೋಗಲಿಲ್ಲ. ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಮಾತು ಮುಂದುವರಿಸಿದರು.

ನಮ್ಮೂರು ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ರಸ್ತೆಯಿಂದ ಒಳಗೆ, ಒಂದು ಕೆರೆ ಏರಿಯ ಕೆಳಗಿದೆ. ಕೆರೆಯ ಮೇಲಿನ ಇಳಿಜಾರು ಊರಿನ ಗೋಮಾಳ. ನನಗೆ ಬುದ್ಧಿ ಬರುವ ಹೊತ್ತಿಗೆ ಅಲ್ಲಿ ಹುಲ್ಲಿರಲಿಲ್ಲ. ಕೆರೆಯಂಗಳದಿಂದ ಗುಡ್ಡದ ಬುಡದವರೆಗೆ ಸೀಮೆಜಾಲಿ ಹೆಣೆದುಕೊಂಡಿತ್ತು, ನಾಯಿಯೂ ನುಗ್ಗದ ಹಾಗೆ. ಅಪ್ಪ ಸತ್ತ ಮೇಲೆ ಅವ್ವ ಅದನ್ನೇ ಕಡಿದು, ಮಣ್ಣು ಮುಚ್ಚಿ ಸುಟ್ಟು, ಇದ್ದಿಲು ಮಾಡಿ ಹಿಂದೂಪುರದಿಂದ ಬರುವ ಲಾರಿಗೆ ಹಾಕುತ್ತಿದ್ದಳು. ನನ್ನ ಓದು, ಮದುವೆ ಎರಡೂ ಆ ಇದ್ದಿಲಲ್ಲೇ ಆದವು. ಮದುವೆ ಉಳಿಯಲಿಲ್ಲ. ನಾನು ಗಂಡನ ಮನೆ ಬಿಟ್ಟು ತವರಿಗೆ ಬಂದದ್ದು ಕೊರೋನಾಕ್ಕೆ ಮುಂಚೆ, ಬರದ ವರ್ಷ. ಅದೇ ವರ್ಷ ಅರಣ್ಯ ಇಲಾಖೆಯಿಂದ ನಿವೃತ್ತರಾದ ಈ ರೇಂಜರ್ ಸಾಹೇಬರು ಶಿರಾದಿಂದ ಬೆಳಗಿನ ಬಸ್ಸಿಗೆ ಬಂದಿಳಿದು, ಪಂಚಾಯಿತಿಯ ಒಪ್ಪಿಗೆ ಪಡೆದು, ಇಳಿಜಾರಿನ ಜಾಲಿ ತೆಗೆಯಲು ನಿಂತರು.

"ಮಳೆ ಕೈಕೊಟ್ಟಾಗ ಯಾವ ದೇವ್ರೂ ಬರ್ಲಿಲ್ಲ. ಹಸ್ರಾಗಿದ್ದದ್ದು ಇದೊಂದೇ ಗಿಡ, ಅನ್ನ ಹಾಕೈತೆ ನಮಗೆ," ಅಂದಳು ಅವ್ವ. "ಕಿತ್ತಾಕ್ತೀನಿ ಅಂತೀರಲ್ಲ, ನಿಮಗೇನು ಹಕ್ಕೈತೆ?"

"ಹಕ್ಕು ಏನಿಲ್ಲಮ್ಮ," ಅಂದರು ಸಾಹೇಬರು. "ಇದನ್ನ ಇಲ್ಲಿ ಹಾಕಿದ್ದು ನಾನೇ."

ಜಾಲಿ ಹಾಕಿದಾಗ ಅವರು ಹೊಸದಾಗಿ ಕೆಲಸಕ್ಕೆ ಸೇರಿದ್ದ ಗಾರ್ಡ್ ಅಂತೆ. ಆಗಲೂ ಬರ. ಒಲೆಗೆ ಸೌದೆಯಿಲ್ಲದೆ ಹೆಂಗಸರು ಗುಡ್ಡದ ತುಗ್ಗಲಿ, ಕಮರದ ಮರಗಳ ಬೊಡ್ಡೆಗಳನ್ನೂ ಅಗೆಯುತ್ತಿದ್ದರು. ಬೇಗ ಬೆಳೆಯುವ ಗಿಡ ಬೇಕೆಂದು ಮೇಲಿನಿಂದ ಆದೇಶ ಬಂತು. ಜೀಪಿನ ಹಿಂದೆ ಚೀಲಗಟ್ಟಲೆ ಬೀಜ ಇಟ್ಟುಕೊಂಡು, ಪಾವಗಡದ ಕಡೆಯಿಂದ ನಮ್ಮೂರಿನ ತನಕ ಅವರೇ ಕೈಯಾರೆ ಎರಚಿದ್ದರು. ಸೌದೆ ಸಿಕ್ಕಿತು. ಹುಲ್ಲು ಹೋಯಿತು. ಹುಲ್ಲಿನ ಹಿಂದೆಯೇ ಮಣ್ಣೂ ಜಾರಿ ಕೆರೆ ಸೇರಿತು.

ಇದನ್ನು ಹೇಳುವಾಗ ಅವರ ಮುಖದಲ್ಲಿ ಪಶ್ಚಾತ್ತಾಪವೇನೂ ಕಾಣಲಿಲ್ಲ. ಕೆಟ್ಟುಹೋದ ಯಂತ್ರದ ಬಗ್ಗೆ ಮೆಕ್ಯಾನಿಕ್ ಹೇಳುವ ಹಾಗೆ ಹೇಳಿದರು. ಕೊನೆಗೆ ಅವ್ವನ ಜೊತೆ ಒಂದು ಒಪ್ಪಂದವಾಯಿತು: ಅವರು ಬೇರು ಸಮೇತ ಅಗೆದು ಕೊಡುವುದು, ಬೊಡ್ಡೆ, ಬೇರು ಎಲ್ಲ ಅವ್ವನ ಇದ್ದಿಲ ಗೂಡಿಗೆ. ನಾನೂ ಜೊತೆಗೆ ಹೋಗತೊಡಗಿದೆ. ಊರಿನಲ್ಲಿ ಎಲ್ಲರೂ ನನ್ನನ್ನು ಯಾಕೆ ಬಂದೆ, ಯಾವಾಗ ಹೋಗ್ತೀಯ ಎಂದು ಕೇಳುತ್ತಿದ್ದ ಕಾಲ. ಸಾಹೇಬರು ಅದನ್ನು ಒಮ್ಮೆಯೂ ಕೇಳಲಿಲ್ಲ. "ಬೇಟಿ, ಆ ಕಡೆ ಕೊಂಬೆ ಹಿಡ್ಕೊ" ಎನ್ನುವುದೇ ಅವರು ನನಗೆ ಹೇಳಿದ ಮೊದಲ ಮಾತು.

ಅವರ ಕೆಲಸ ನೋಡುವವರಿಗೆ ಬೇಸರ ಬರುವಷ್ಟು ನಿಧಾನ. ಒಂದು ಪಟ್ಟಿಯಷ್ಟು ನೆಲ ತೆರವು ಮಾಡಿದರೆ, ಅದರ ಮೇಲೆ ಮುಳ್ಳಿನ ಕೊಂಬೆಗಳನ್ನು ಇಳಿಜಾರಿಗೆ ಅಡ್ಡಲಾಗಿ ಹಾಸಿ ಮುಗಿಯುವ ತನಕ ಮುಂದಿನ ಗಿಡ ಮುಟ್ಟುತ್ತಿರಲಿಲ್ಲ. "ನೆಲವನ್ನ ಬೆತ್ತಲೆ ಬಿಡಬಾರದು" ಅನ್ನುತ್ತಿದ್ದರು. ಹರಿದು ಬರುವ ಮಣ್ಣು ಆ ಕೊಂಬೆಗಳಲ್ಲಿ ತಡೆಯುತ್ತಿತ್ತು, ಆಡು ಬಾಯಿ ಹಾಕುತ್ತಿರಲಿಲ್ಲ, ಅದರ ನೆರಳಿನಲ್ಲಿ ನೆಲದ ತೇವ ಉಳಿಯುತ್ತಿತ್ತು. ಕರಡ, ಬಾದೆ ಹುಲ್ಲಿನ ಬೀಜವನ್ನು ಚನ್ನರಾಯನದುರ್ಗದ ಕೋಟೆ ಗೋಡೆಯ ಬುಡದಿಂದ, ಶಿರಾದ ಹಳೆಯ ಖಬರಸ್ತಾನದಿಂದ ಉಜ್ಜಿ ತರುತ್ತಿದ್ದರು. ಯಾರೂ ಉಳದ, ಮೇಯಿಸದ ಜಾಗಗಳಲ್ಲೇ ಈ ಸೀಮೆಯ ಹಳೆಯ ಹುಲ್ಲು ಉಳಿದಿರುವುದು ಎಂದು ಅವರು ತೋರಿಸಿಕೊಟ್ಟ ಮೇಲೆ ನನಗೂ ಅದು ಕಾಣತೊಡಗಿತು.

ಬೀಜ ತಂದಿಟ್ಟರೂ ಬಿತ್ತಲು ಅವಸರ ಮಾಡಲಿಲ್ಲ. ಎಲ್ಲೋ ದೂರದ ಸಮುದ್ರ ಬಿಸಿಯಾದ ವರ್ಷ ನಮಗೆ ಮಳೆ ತಪ್ಪುತ್ತದೆ, ತಂಪಾದ ವರ್ಷ ಚೆನ್ನಾಗಿ ಬರುತ್ತದೆ, ಒಂದು ಹೋಗಿ ಇನ್ನೊಂದು ಬರುತ್ತಲೇ ಇರುತ್ತದೆ ಎಂದು ಫೋನಿನಲ್ಲಿ ಹವಾಮಾನ ವರದಿ ಓದಿ ಹೇಳುತ್ತಿದ್ದರು. "ಸರ್ವೀಸಲ್ಲಿ ಪ್ರತಿ ವರ್ಷ ಗುಂಡಿ ತೆಗೆದು ಸಸಿ ನೆಟ್ಟಿದೀನಿ. ಮಳೆ ಇದ್ರೂ ನೆಡಬೇಕು, ಇಲ್ಲದಿದ್ರೂ ನೆಡಬೇಕು. ಒಣಗಿದ ಮೇಲೆ ಅದೇ ಗುಂಡೀಲಿ ಮತ್ತೆ ನೆಡಬೇಕು. ಬರದಲ್ಲಿ ತಯಾರಿ ಮಾಡ್ಕೊಬೇಕು ಬೇಟಿ. ನೆಡೋದಕ್ಕೆ ಒಳ್ಳೆ ವರ್ಷ ಬರೋ ತನಕ ಕಾಯಬೇಕು."

ಕಾಯುವುದು ಪಂಚಾಯಿತಿಗೆ ಒಗ್ಗಲಿಲ್ಲ. ಸಾಹೇಬರ ಪಟ್ಟಿಯ ಪಕ್ಕದ ಇಳಿಜಾರಿಗೆ ಒಂದು ಬೇಸಿಗೆ ಜೆಸಿಬಿ ಬಂತು. ವಾರದೊಳಗೆ ಅಲ್ಲಿ ಒಂದು ಜಾಲಿಯೂ ಇರಲಿಲ್ಲ, ಬೇರೆ ಏನೂ ಇರಲಿಲ್ಲ. ಜನ ಮೆಚ್ಚಿಕೊಂಡು ಫೋಟೋ ತೆಗೆದರು. ಸಾಹೇಬರು ಡ್ರೈವರನ ಹತ್ತಿರ ಹೋಗಿ ಏನೋ ಹೇಳಿ ವಾಪಸ್ ಬಂದರು. ಅವತ್ತು ಮಧ್ಯಾಹ್ನದ ಊಟ ಬಿಚ್ಚಲಿಲ್ಲ.

ಆಮೇಲೆ ಬಂತು ಕೆರೆಗಳೆಲ್ಲ ಕೋಡಿ ಬಿದ್ದ ವರ್ಷ. ಜೆಸಿಬಿ ಹೊಡೆದ ಇಳಿಜಾರು ಮೂರ್ನಾಲ್ಕು ಮಳೆಗೇ ಸೀಳಿಹೋಯಿತು. ಆಳು ನಿಂತರೆ ತಲೆ ಕಾಣದಂಥ ಕೊರಕಲುಗಳು ಬಿದ್ದವು, ಕೆಂಪು ಮಣ್ಣೆಲ್ಲ ಕೆರೆಗೆ ಇಳಿಯಿತು. ಉಳಿದ ಗಟ್ಟಿ ನೆಲದಲ್ಲಿ ತುಂಡಾದ ಜಾಲಿ ಬೊಡ್ಡೆಗಳು ಮೊದಲಿಗಿಂತ ದಟ್ಟವಾಗಿ ಚಿಗುರಿದವು. ಇತ್ತ ಆ ವರ್ಷದ ಮುಂಗಾರಿಗೆ ಬೀಜ ಬಿತ್ತಿದ್ದ ಸಾಹೇಬರ ಪಟ್ಟಿಯಲ್ಲಿ ಮುಳ್ಳಿನ ಸಾಲುಗಳ ಸಂದಿಯಿಂದ ಹುಲ್ಲು ಎದ್ದಿತು. ದೀಪಾವಳಿಯ ಹೊತ್ತಿಗೆ ನನ್ನ ಸೊಂಟದ ತನಕ. ನಡುನಡುವೆ ತುಗ್ಗಲಿ ಸಸಿಗಳು. ನಮ್ಮ ಕೆರೆಯ ಮೇಲೆ ಹುಲ್ಲಿನ ಸದ್ದು ಎಂಬುದೊಂದು ಇರುತ್ತದೆ ಎಂದು ನಾನು ಮೊದಲು ತಿಳಿದದ್ದು ಆಗ. ಅವ್ವನೂ ಬಂದು ನಿಂತು ನೋಡಿದಳು.

"ಚೆಂದಾಗೈತೆ. ಆದ್ರೆ ಇದನ್ನ ಸುಟ್ರೆ ಇದ್ದಿಲಾಗಲ್ಲ," ಅಂದಳು.

ಸಾಹೇಬರು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮರುವರ್ಷ ಮತ್ತೆ ಮಳೆ ಹೋಯಿತು. ಅದು ಬರುತ್ತದೆಂದು ಅವರು ಮೊದಲೇ ಹೇಳಿದ್ದರು. ಹೇಳಿದ್ದರಿಂದ ಯಾರ ಹೊಟ್ಟೆಯೂ ತುಂಬಲಿಲ್ಲ. ಸಾಹೇಬರಿಗೆ ಆಗಲೇ ಎದೆಯ ತೊಂದರೆ ಶುರುವಾಗಿತ್ತು. ಇಳಿಜಾರು ಹತ್ತಲಾಗದೆ ಪಟ್ಟಿಯ ಸುತ್ತ ಹಾಕಿದ್ದ ಮುಳ್ಳುಬೇಲಿಗೆ ಬಾಗಿಲಾಗಿದ್ದ ಪಡಕಿನ ಹತ್ತಿರ ಕಲ್ಲಿನ ಮೇಲೆ ಕೂರುತ್ತಿದ್ದರು. ಸುತ್ತ ಎಲ್ಲಿ ನೋಡಿದರೂ ಒಣಗಿದ ನೆಲ. ಕುರಿಗಳು ಜಾಲಿಯ ಕಾಯಿ ಹೆಕ್ಕಿ ತಿಂದು ಜೀವ ಹಿಡಿದಿದ್ದವು. ಬೇಲಿಯೊಳಗೆ ಮಾತ್ರ ಒಣಹುಲ್ಲು ನಿಂತಿತ್ತು.

ವೈ.ಎನ್.ಹೊಸಕೋಟೆ ಕಡೆಯ ಒಬ್ಬ ಮುದುಕ ತನ್ನ ಮಂದೆ ಹೊಡೆದುಕೊಂಡು ಬಂದ. ಹೆಗಲ ಮೇಲೆ ಒಂದು ಮರಿಯಿತ್ತು, ಅದು ಕತ್ತು ಎತ್ತುತ್ತಿರಲಿಲ್ಲ. ಬೇಲಿಯ ಹತ್ತಿರ ಬಂದ ಕುರಿಗಳು ಮುಳ್ಳಿಗೆ ಮುಖ ಒತ್ತಿ ಸುಮ್ಮನೆ ನಿಂತವು, ಅರಚಲಿಲ್ಲ.

"ಪಡಕು ತೆಗೀರಿ ಸಾಮಿ," ಅಂದ. "ಇಂಕೇಮೂ ಕೇಳಲ್ಲ, ಬ್ಯಾರೆ ಏನೂ ಬ್ಯಾಡ. ಇವತ್ತು ಮೇದ್ರೆ ಬದುಕ್ತವೆ."

ಸಾಹೇಬರು ಕೇಳಿದರು, "ಜಾಲಿ ಕಾಯಿ ತಿಂದಿದಾವಾ?"

"ಅದೇ ತಿಂತಾ ಐದಾವೆ, ಬ್ಯಾರೆ ಏನೈತೆ?"

ಆ ಪ್ರಶ್ನೆ ಯಾಕೆಂದು ನನಗೆ ಗೊತ್ತಿತ್ತು. ಕುರಿಯ ಹೊಟ್ಟೆಯಲ್ಲಿ ಜಾಲಿಯ ಬೀಜ ಸಾಯುವುದಿಲ್ಲ. ಹಿಕ್ಕೆಯ ಜೊತೆ ಬಿದ್ದು ಇನ್ನೂ ಚೆನ್ನಾಗಿ ಹುಟ್ಟುತ್ತದೆ. ಮಂದೆ ಒಳಗೆ ಹೋದರೆ ಇಷ್ಟು ವರ್ಷ ಕಿತ್ತದ್ದನ್ನು ನಾವೇ ಮತ್ತೆ ಬಿತ್ತಿದಂತೆ.

"ಎರಡು ದಿನ ಇಲ್ಲೇ ಹೊರಗೆ ತಡ್ಕೊ," ಅಂದರು ಸಾಹೇಬರು. "ಹೊಟ್ಟೆ ಖಾಲಿ ಆಗಲಿ. ಆಮೇಲೆ ಬಿಡ್ತೀನಿ."

"ಎರಡು ದಿನ ಅಂದ್ರೆ ಸತ್ತೋತವೆ ಸಾಮಿ." ಮುದುಕ ಹೆಗಲ ಮೇಲಿನ ಮರಿಯನ್ನು ಇಳಿಸಿ ಅವರ ಕಾಲ ಬಳಿ ಇಟ್ಟ. ಅದು ಮಲಗಿಸಿದ ಹಾಗೇ ಬಿದ್ದುಕೊಂಡಿತು.

ಬೇಡ ಎಂದದ್ದು ನಮ್ಮವ್ವ. "ತೆಗೀಬ್ಯಾಡಿ ಸಾಬ್ರೆ. ನನ್ನ ಮಗ್ಳು ಕೈಯೆಲ್ಲ ಮುಳ್ಳು ಮಾಡ್ಕೊಂಡವ್ಳೆ ಇಲ್ಲಿ. ಇವತ್ತು ಈ ಮಂದೆ ಬುಟ್ರೆ ನಾಳೆ ಇನ್ನೊಂದು ಬತ್ತದೆ." ನಾನೂ ಬೇಡವೆಂದೆ. ಕುರಿಗಳ ಕಡೆ ನೋಡದೆ ಹೇಳಿದೆ.

ಸಾಹೇಬರು ಕಾಲ ಬಳಿಯ ಮರಿಯನ್ನು ಬಗ್ಗಿ ನೋಡಿದರು. ಆಮೇಲೆ ಗೋಡೆ ಹಿಡಿಯುವವರಂತೆ ಪಡಕನ್ನು ಹಿಡಿದು ಎದ್ದು ನಿಂತರು.

"ಅವತ್ತು ಜನರಿಗೆ ಬೇಕು ಅಂತ ಜಾಲಿ ಹಾಕಿದೆ. ಇವತ್ತು ಇನ್ನೊಂದ್ಸಲ ಹಾಕ್ತಿದೀನಿ. ಅವತ್ತು ಗೊತ್ತಿರಲಿಲ್ಲ. ಇವತ್ತು ಗೊತ್ತಿದೆ," ಅಂದರು. "ಹುಲ್ಲು ಬೆಳೆಸಿದ್ದು ನೋಡೋದಕ್ಕಲ್ಲ ಬೇಟಿ."

ಪಡಕು ತೆಗೆದವರು ಅವರೇ. ಕುರಿಗಳು ಅವರನ್ನು ತಳ್ಳಿಕೊಂಡೇ ಒಳಗೆ ನುಗ್ಗಿದವು. ಕಾಲ ಬಳಿಯ ಮರಿ ಮಾತ್ರ ಏಳಲಿಲ್ಲ. ಅವ್ವ ಹೇಳಿದ ಹಾಗೆಯೇ ಮರುದಿನ ಇನ್ನೊಂದು ಮಂದೆ ಬಂತು, ಅದರ ಹಿಂದೆ ಮತ್ತೊಂದು. ಯಾರಿಗೂ ಇಲ್ಲವೆನ್ನಲಿಲ್ಲ. ಬೇಸಿಗೆ ಮುಗಿಯುವ ಹೊತ್ತಿಗೆ ಇಳಿಜಾರಿನಲ್ಲಿ ಉಳಿದದ್ದು ಹುಲ್ಲಿನ ಕೂಳೆ ಮತ್ತು ಹಿಕ್ಕೆ.

ಆ ಬೇಸಿಗೆಯಲ್ಲೇ ಅವರು ತೀರಿಕೊಂಡರು. ಅವ್ವ, ನಾನು ಶಿರಾಕ್ಕೆ ಹೋದಾಗ ಮಣ್ಣಿಗೆ ಒಯ್ದಾಗಿತ್ತು. ಹೆಂಗಸರು ಕೂತಿದ್ದ ಕೋಣೆಯಲ್ಲಿ ಅವರ ಮಗಳು ನಮಗೆ ಜಾಗ ಮಾಡಿಕೊಟ್ಟರು. "ಕೊನೆಗೆ ನಮ್ಮ ಅಬ್ಬಾ, ಮಳೆ ಬಂತಾ ಅಂತ ಕೇಳ್ತಿರಲಿಲ್ಲ," ಅಂದರು. "ಮೊಳಕೆ ಬಂತಾ ಅಂತ ಕೇಳ್ತಿದ್ರು. ಯಾವುದರ ಮೊಳಕೆ ಅಂತ ನಮಗೆ ಅರ್ಥ ಆಗಲಿಲ್ಲ." ನನಗೆ ಅರ್ಥವಾಗಿತ್ತು. ಹೇಳುವ ಜಾಗ ಅದಾಗಿರಲಿಲ್ಲ.

ಮೊಳಕೆ ಬಂದದ್ದು ಮುಂಗಾರಿನ ಮೊದಲ ಹದಮಳೆಗೆ. ಹುಲ್ಲಿನ ಕೂಳೆ ಚಿಗುರುವ ಮೊದಲೇ, ಪ್ರತಿ ಹಿಕ್ಕೆಯ ಗುಪ್ಪೆಯಿಂದಲೂ ಜಾಲಿಯ ಎರಡೆಲೆ. ಹಸಿರು ನೋಡಿ ಯಾರಾದರೂ ಸಂತೋಷಪಡಬಹುದಿತ್ತು. ಅವ್ವ ಸೆರಗು ಸಿಕ್ಕಿಸಿಕೊಂಡು ಕೆಳಗಿನಿಂದ ಕೀಳುತ್ತಾ ಬಂದಳು, ನಾನು ಮೇಲಿನಿಂದ. ಕೀಳುವಷ್ಟರಲ್ಲಿ ಇನ್ನಷ್ಟು ಹುಟ್ಟುತ್ತಿದ್ದವು. ಇಳಿಜಾರಿನ ಕೆಳಗಿನ ಅರ್ಧ ನಮ್ಮ ಕೈಮೀರಿಹೋಯಿತು. ಅಲ್ಲಿ ಈಗ ಮತ್ತೆ ನಾಯಿಯೂ ನುಗ್ಗುವುದಿಲ್ಲ. ಮೇಲಿನ ಅರ್ಧದಲ್ಲಿ ಕರಡ, ಬಾದೆ ತಿರುಗಿ ಬಂದಿವೆ, ಮೊದಲಿನಷ್ಟಲ್ಲ.

ಅವ್ವನಿಗೆ ಈಗ ಬಗ್ಗಲಾಗುವುದಿಲ್ಲ. ನಾನು ಊರಿನ ಅಂಗನವಾಡಿಯಲ್ಲಿದ್ದೇನೆ. ಗಂಡನ ಮನೆಯ ಮಾತನ್ನು ಯಾರೂ ಎತ್ತುವುದಿಲ್ಲ. ಜಾಲಿ ಕೀಳುವವಳು ಎಂದರೆ ಸುತ್ತಲಿನ ಹಳ್ಳಿಗಳಿಗೆ ಗುರುತು. ನೆಲ ಹಸಿಯಿರುವಾಗ ಎಳೆದರೆ ಜಾಲಿಯ ಸಸಿ ಬೇರು ಸಮೇತ ಬರುತ್ತದೆ. ಎರಡು ಬಿಸಿಲು ಬಿದ್ದರೆ ಬೇರು ಒಳಗೇ ತುಂಡಾಗಿ ಉಳಿದುಬಿಡುತ್ತದೆ. ಅದಕ್ಕೇ ಮಳೆ ಬಂದ ಮರುದಿನ ನಾನು ರಜೆ ಹಾಕುತ್ತೇನೆ.