ಎಳೆದು ನೋಡದ ಕೊಕ್ಕೆ

ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಮುರಿಯಮ್ಮ ಎಂದೇ ಕರೆಯುತ್ತಿದ್ದರು. ಬೇರೆ ಸೊಸೆಯಂದಿರು ಒಂದು ಲೋಟ ಒಡೆದರೆ ವಾರವಿಡೀ ಮಾತು ಕೇಳಬೇಕು; ಇವಳಿಗೆ ಮುರಿಯುವುದಕ್ಕೇ ಸಂಬಳ. ಭಾರ ಎತ್ತುವ ಸರಪಳಿಗಳಿಗೆ ಕಬ್ಬಿಣದ ಕೊಕ್ಕೆ ಮಾಡುವ ಜಾಗ ಅದು. ಕುಲುಮೆಯಿಂದ ಬಂದ ಪ್ರತಿ ರಾಶಿಯಲ್ಲೂ ಕೈಗೆ ಸಿಕ್ಕ ಒಂದೆರಡು ಕೊಕ್ಕೆ ಎತ್ತಿಕೊಂಡು, ಯಂತ್ರದ ದವಡೆಗಳ ನಡುವೆ ಬಿಗಿದು, ಮುರಿಯುವವರೆಗೂ ಎಳೆಯಬೇಕು. ಗೊತ್ತುಮಾಡಿದ ಭಾರ ದಾಟುವವರೆಗೆ ಅವು ತಡೆದುಕೊಂಡರೆ ಇಡೀ ರಾಶಿ ಪಾಸು.

ಲೋಹಕ್ಕೂ ಸ್ವಭಾವ ಅಂತ ಒಂದಿರುತ್ತದೆ. ಮದುವೆಯಾದ ಹೊಸದರಲ್ಲಿ ಅವಳು ಗಂಡನಿಗೆ ಅಡುಗೆಮನೆಯಲ್ಲೇ ಈ ಪಾಠ ಮಾಡಿದ್ದಳು. ಅಲ್ಯೂಮಿನಿಯಂ ಪಾತ್ರೆ ಬಿದ್ದರೆ ನೆಗ್ಗುತ್ತದೆ, ಆದರೂ ಅನ್ನ ಬೇಯಿಸಿ ಕೊಡುತ್ತದೆ. ಗಾಜು ಗಟ್ಟಿಯೇ, ಆದರೆ ಬಗ್ಗಲು ಬಾರದು, ಬಿತ್ತೋ, ಚೂರುಚೂರು. ಒಳ್ಳೆಯ ಕಬ್ಬಿಣವನ್ನು ಎಳೆದರೆ ಮೊದಲು ಹಿಗ್ಗುತ್ತದೆ, ನಡು ಸಣ್ಣಗಾಗುತ್ತದೆ, ಕೆಳಗಿದ್ದವರಿಗೆ ಓಡಲು ಪುರುಸೊತ್ತು ಕೊಟ್ಟು ಆಮೇಲೆ ಮುರಿಯುತ್ತದೆ. ಹದ ತಪ್ಪಿದ್ದು ಹಾಗಲ್ಲ, ಪಟ್ಟನೆ ತುಂಡಾಗುತ್ತದೆ.

"ಪಾಠ ಸಾಕು, ಊಟ ಬಡಿಸೇ ಮೇಷ್ಟ್ರಮ್ಮ," ಎಂದು ಅವನು ನಕ್ಕಿದ್ದ. ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಅವನು.

ಅದೇ ಗ್ಯಾರೇಜಿನಲ್ಲಿ ಲಾರಿಯ ಎಂಜಿನ್ ತೂಗುಹಾಕಿದ್ದ ಕೊಕ್ಕೆ ಮುರಿದು, ಕೆಳಗೆ ಬಗ್ಗಿದ್ದ ಅವನು ಸತ್ತ. ಕೊಕ್ಕೆಯ ಮೇಲಿದ್ದದ್ದು ಅವಳ ಕಾರ್ಖಾನೆಯ ಗುರುತು, ಅವಳೇ ಪಾಸು ಮಾಡಿದ ರಾಶಿಯ ನಂಬರು. ಮುರಿದ ಜಾಗ ಕಲ್ಲುಸಕ್ಕರೆಯಂತೆ ಹರಳುಹರಳಾಗಿ ಮಿನುಗುತ್ತಿತ್ತು. ಒಂದಿಷ್ಟೂ ಹಿಗ್ಗಿರಲಿಲ್ಲ.

ಅವಳು ಅಳಲಿಲ್ಲ. ನೋಡಲು ಬಂದವರು ಕಾದರು, ಬೇಸತ್ತು ಎದ್ದು ಹೋದರು. ಅವಳು ಬಟ್ಟೆ ಒಗೆದಳು, ಹಾಲು ಕಾಯಿಸಿದಳು, ಕೆಲಸಕ್ಕೆ ಮರಳಿದಳು. ಎದೆಯೊಳಗೆ ಏನಿದೆ ಎಂದು ಯಾರಾದರೂ ಕೇಳಿದ್ದರೆ ಏನೂ ಇಲ್ಲ ಎನ್ನುತ್ತಿದ್ದಳು, ಅದು ನಿಜವೂ ಆಗಿತ್ತು. ನಿನ್ನ ತಪ್ಪಿಲ್ಲ ಎಂದು ಕಾರ್ಖಾನೆಯವರು ಹೇಳಿದರು. ಅತ್ತೆ ಮಾತ್ರ ತುಟಿ ಬಿಚ್ಚಲಿಲ್ಲ. ಮನೆಯಲ್ಲಿ ಉಳಿದದ್ದು ಅವರಿಬ್ಬರೇ. ಮನೆಮುರುಕಿ ಎಂಬ ಒಂದೇ ಮಾತು ಅತ್ತೆಯ ಬಾಯಿಂದ ಬಂದಿದ್ದರೆ ಅವಳು ಆ ಮನೆಯಲ್ಲಿ ಇರುವಂತಿರಲಿಲ್ಲ, ಹೋಗಲು ಬೇರೆ ಮನೆಯೂ ಇರಲಿಲ್ಲ.

ಕೊನೆಗೊಂದು ಸಂಜೆ ಊಟಕ್ಕೆ ಕೂತಾಗ ಅತ್ತೆ ಕೇಳಿಯೇಬಿಟ್ಟರು. "ಆ ಕೊಕ್ಕೆ ನೀನೇ ಎಳೆದು ನೋಡಿದ್ದೇನೇ?"

"ಇಲ್ಲ ಅತ್ತೆ. ಎಳೆದು ನೋಡಿದ್ದು ಮುರಿದುಹೋಗುತ್ತೆ, ಗುಜರಿಗೆ ಹಾಕ್ತೀವಿ. ಹೊರಗೆ ಹೋಗೋದೆಲ್ಲ ಎಳೆಯದೇ ಇರೋದು."

ಅತ್ತೆ ತುತ್ತನ್ನು ತಟ್ಟೆಗೆ ಇಳಿಸಿದರು.

"ಆ ರಾಶಿಯಲ್ಲಿ ನೀನು ಎಳೆದದ್ದು ಹೇಗಿತ್ತು?"

"ಚೆನ್ನಾಗಿತ್ತು. ತುಂಬಾ ಹೊತ್ತು ತಡೀತು."

"ಹಾಗಾದ್ರೆ ಗಟ್ಟಿ ಇದ್ದಿದ್ದನ್ನೇ ನೀನು ಮುರಿದೆ ಅನ್ನು."

"ಹೂಂ ಅತ್ತೆ."

ಅತ್ತೆ ಬಯ್ಯಲಿಲ್ಲ. ಸೊಸೆಯ ತಟ್ಟೆಗೆ ಇನ್ನೊಂದು ಸೌಟು ಅನ್ನ ಹಾಕಿದರು. "ತಿನ್ನು. ಬೆಳಿಗ್ಗೆ ಕೆಲಸಕ್ಕೆ ಹೋಗಬೇಕಲ್ಲ, ಇಬ್ಬರ ಹೊಟ್ಟೆ ನಡೀಬೇಕು." ಅವಳು ತಿಂದಳು. ಉಪ್ಪು ಇದೆಯೋ ಇಲ್ಲವೋ ತಿಳಿಯಲಿಲ್ಲ.

ಮರುದಿನ ಹೊಸ ರಾಶಿ ಬಂದಿತ್ತು. ಒಂದು ಕೊಕ್ಕೆ ಬಿಗಿದಳು. ಯಂತ್ರದ ಸನ್ನೆಕೋಲಿನ ಮೇಲಿಟ್ಟ ಕೈ ಮುಂದೆ ಹೋಗಲಿಲ್ಲ.

"ಮೇಸ್ತ್ರಿ, ಇದನ್ನ ಬಿಟ್ಟುಬಿಡೋಣ. ಇದು ಗಟ್ಟಿ ಇದೆ ಅನ್ಸುತ್ತೆ. ಯಾರಿಗಾದ್ರೂ ಹೋಗಲಿ."

ಮೇಸ್ತ್ರಿ ಸಮಾಧಾನದಿಂದಲೇ ಹೇಳಿದ, "ಮುರಿಯದೆ ಹೇಗಮ್ಮ ಗೊತ್ತಾಗುತ್ತೆ?"

ಅವಳು ಸನ್ನೆಕೋಲು ಒತ್ತಿದಳು. ಕೊಕ್ಕೆ ಹಿಗ್ಗಿತು, ಬಾಯಿ ನಿಧಾನವಾಗಿ ತೆರೆದುಕೊಂಡಿತು, ನಡು ಸಣ್ಣಗಾಯಿತು, ಭಾರ ತೋರಿಸುವ ಮುಳ್ಳು ಕೆಂಪು ಗೆರೆ ದಾಟಿ ಎಷ್ಟೋ ಮುಂದೆ ಹೋಯಿತು. ಒಬ್ಬ ಗಂಡಸು ಎಂಜಿನ್ನಿನ ಕೆಳಗಿಂದ ಎದ್ದು, ಕೈ ಒರೆಸಿಕೊಂಡು, ಪಕ್ಕಕ್ಕೆ ಹೋಗಿ ನಿಲ್ಲುವಷ್ಟು ಹೊತ್ತು ಅದು ತಡೆಯಿತು. ಆಮೇಲೆ ಮುರಿಯಿತು.

"ಪಾಸು," ಎಂದಳು. ಎಳೆತಕ್ಕೆ ಬಿಸಿಯಾಗಿದ್ದ ಎರಡು ತುಂಡುಗಳನ್ನು ಗುಜರಿಗೆ ಹಾಕದೆ ಮಡಿಲಲ್ಲಿಟ್ಟುಕೊಂಡು, ಕೂತಲ್ಲೇ ಅಳತೊಡಗಿದಳು.