ಬಾನೆಟ್ಟಿನ ಮೇಲೆ ಅಂಗೈ

ಕಾರ್ಖಾನೆಯಲ್ಲಿ ಎಲ್ಲರೂ ಅವನನ್ನು ಬಾನೆಟ್ಟು ಅಂತಲೇ ಕರೆಯುತ್ತಿದ್ದರು. ಕಾರಿನ ಎಂಜಿನ್ ಮುಚ್ಚುವ ಆ ತಗಡನ್ನು ಇಪ್ಪತ್ತಾರು ವರ್ಷ ಉಜ್ಜಿ ಬಣ್ಣ ಹೊಡೆದವನು. ಬಾಗಿಲಿಗೆ ಬೇರೆಯವರಿದ್ದರು, ಡಿಕ್ಕಿಗೆ ಬೇರೆಯವರಿದ್ದರು. ಅವನ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಚಾಲ್ತಿಯಲ್ಲಿತ್ತು. ಮನೆಯಲ್ಲಿ ಹೆಂಡತಿಗೆ ಸಿಟ್ಟು ಬಂದರೂ ಬಾಯಿಗೆ ಬರುತ್ತಿದ್ದದ್ದು "ಏನ್ರೀ ಬಾನೆಟ್ಟು" ಅಂತಲೇ.

ಪೇಂಟ್ ಶಾಪಿನವರಿಗೆ ಗ್ಲೌಸು ಕೊಡಿ ಅಂತ ಯೂನಿಯನ್ನಿನವರು ನಾವು ಒಂದು ಸಲ ಹನ್ನೊಂದು ದಿನ ಗೇಟಿನ ಮುಂದೆ ಕೂತು ಗಂಟಲು ಹರಿದುಕೊಂಡಿದ್ದೆವು. ಕೊಟ್ಟರು. ಪೇಂಟ್ ಶಾಪಿನವರು ಅದನ್ನು ಮನೆಗೆ ಒಯ್ದು ಪಾತ್ರೆ ತೊಳೆಯಲು ಇಟ್ಟುಕೊಂಡರು. ಮೈಯೆಲ್ಲ ಉರಿದುಹೋಗಿತ್ತು ನಮಗೆ. ಆದರೆ ಅವರ ಲೆಕ್ಕಾಚಾರವೇ ಬೇರೆ. ಉಜ್ಜಿದ ತಗಡು ಸಮವಾಗಿದೆಯೋ ಇಲ್ಲವೋ ಅನ್ನುವುದನ್ನು ಕಣ್ಣು ಹೇಳುವುದಿಲ್ಲ, ಅಂಗೈ ಹೇಳುತ್ತದೆ. ಬೆರಳು ಬಿಡಿಸಿ, ಭಾರ ಹಾಕದೆ, ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ ಸವರಬೇಕು. ಕೂದಲೆಳೆಯಷ್ಟು ಉಬ್ಬಿದ್ದರೂ ಕೈಗೆ ಸಿಗುತ್ತದೆ. ಕೈಗೆ ಏನೂ ಸಿಗಲಿಲ್ಲವೆಂದರೆ ತಗಡು ತಯಾರು, ಬಣ್ಣ ಹೊಡಿ. ಅಷ್ಟೇ ನಿಯಮ. ಅದರಲ್ಲಿ ಬಾನೆಟ್ಟು ಎತ್ತಿದ ಕೈ. ತಪಾಸಣೆಯವರು ತಮ್ಮ ಕೈ ಮೇಲೆ ಅನುಮಾನ ಬಂದಾಗ ಇವನನ್ನು ಕರೆಯುತ್ತಿದ್ದರು.

ಕಾರ್ಖಾನೆ ಮುಚ್ಚಿದ ದಿನ ಕೆಲವರು ಅತ್ತರು, ಕೆಲವರು ಬೈದರು, ಒಬ್ಬ ಗೇಟಿಗೆ ಒದ್ದು ಕಾಲು ಮುರಿದುಕೊಂಡ. ಬಾನೆಟ್ಟು ತನ್ನ ಸ್ಪ್ರೇ ಗನ್ ಬಿಚ್ಚಿ ತೊಳೆದು, ಒರೆಸಿ, ಮನೆಗೆ ಹೋಗಿ ಮಲಗಿದ. ಆಮೇಲೆ ಒಂದು ಗೋದಾಮು ಕಾದ. ಅದೂ ಮುಚ್ಚಿತು. ಎರಡು ವರ್ಷ ಮನೆಯಲ್ಲೇ ಕೂತ. ಹೆಂಡತಿ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಇಸ್ತ್ರಿ ಹಾಕುತ್ತಿದ್ದಳು. ಅವಳು ಪಾಳಿಗೆ ಹೋಗುವಾಗ ಅವನು ಹೇಗೆ ಕೂತಿರುತ್ತಿದ್ದನೋ ಬರುವಾಗಲೂ ಹಾಗೇ. ಬೇಜಾರಾ ಅಂದರೆ ಇಲ್ಲ ಅನ್ನುತ್ತಿದ್ದ. ಹಸಿವಾ ಅಂದರೂ ಇಲ್ಲ.

ಒಂದು ಶುಕ್ರವಾರ ಅವಳೇ ಅವನನ್ನು ಎಬ್ಬಿಸಿಕೊಂಡು ಬಸ್ ನಿಲ್ದಾಣದ ಹಿಂದಿನ ಗ್ಯಾರೇಜಿಗೆ ಹೋದಳು. ಅಲ್ಲಿಗೆ ಪೇಂಟರ್ ಬೇಕಾಗಿದ್ದ. ಗ್ಯಾರೇಜಿನ ಯಜಮಾನ ಮೇಲಿಂದ ಕೆಳಗೆ ನೋಡಿದ.

"ಕಾರ್ಖಾನೆಯವರು ಬರೀ ಒಂದು ತುಂಡು ಕೆಲಸ ಕಲಿತಿರ್ತೀರಿ. ಇಲ್ಲಿ ಒಂದು ಗಾಡಿ ಅಂದ್ರೆ ಪೂರ್ತಿ ಒಬ್ಬನೇ ನೋಡ್ಬೇಕು. ಪುಟ್ಟಿ ಹಾಕೋದು, ಉಜ್ಜೋದು, ಹೊಡೆಯೋದು, ಎಲ್ಲಾ."

"ಬಾನೆಟ್ ಕೊಡಿ, ನೋಡಿ," ಅಂದ ಇವನು. ಎರಡು ವರ್ಷದಲ್ಲಿ ಹೊರಗಿನವರ ಹತ್ತಿರ ಅವನು ಆಡಿದ ಅತಿ ಉದ್ದದ ಮಾತು ಅದೇ ಇರಬೇಕು.

ಎಲ್ಲೋ ಗುದ್ದಿ ಮೂರು ಕಡೆ ತಗ್ಗಾಗಿದ್ದ ಒಂದು ಬಾನೆಟ್ಟು ಮೂಲೆಯಲ್ಲಿತ್ತು. ತಗ್ಗನ್ನು ಬಡಿದು ಸರಿ ಮಾಡಿದ್ದರು, ಮಿಕ್ಕಿದ್ದು ಬಾಕಿ. ಒಂದು ವಾರದೊಳಗೆ ಮನೆಯಲ್ಲೇ ಮಾಡಿಕೊಂಡು ಬಾ, ನನ್ನ ಕೈಗೆ ಹಿಡಿಸಿದರೆ ಕೆಲಸ ನಿನ್ನದು ಅಂತ ಯಜಮಾನ ಮಾತು ಕೊಟ್ಟ. ಪುಟ್ಟಿ, ಬಣ್ಣ, ಹಳೆಯದೊಂದು ಸಣ್ಣ ಕಂಪ್ರೆಸರು, ಎಲ್ಲ ಕೊಟ್ಟು ಕಳಿಸಿದ. ಬಣ್ಣ ಕಡು ನೀಲಿ.

ಮನೆಯ ಹಿಂದೆ ನಾಲ್ಕು ಹೆಜ್ಜೆ ಅಗಲದ ಸಿಮೆಂಟು ಅಂಗಳ. ಅಲ್ಲಿ ಎರಡು ಸ್ಟೂಲು ಇಟ್ಟು ಬಾನೆಟ್ಟು ಮಲಗಿಸಿದ. ಧೂಳೇಳದಂತೆ ನೆಲಕ್ಕೆ ನೀರು ಹೊಡೆದು ಹಳೆ ಪತ್ರಿಕೆ ಹಾಸಿದ. ಸುತ್ತ ಒದ್ದೆ ಬೆಡ್‌ಶೀಟು ಕಟ್ಟಿದ. ತಗ್ಗುಗಳಿಗೆ ಪುಟ್ಟಿ ಮೆತ್ತಿ, ಒಣಗಿಸಿ, ನೀರು ಬಿಟ್ಟುಕೊಂಡು ಉಪ್ಪುಕಾಗದದಿಂದ ಉಜ್ಜಿದ. ಸವರಿ ನೋಡಿದ. ಕೈಗೆ ಏನೂ ಸಿಗಲಿಲ್ಲ. ಇಷ್ಟು ಬೇಗ ಸಮವಾಯಿತಲ್ಲ ಅಂತ ಅವನಿಗೇ ಹಗುರವಾಯಿತು. ಪ್ರೈಮರ್ ಹೊಡೆದ, ಮತ್ತೆ ಸವರಿದ. ಏನೂ ಇಲ್ಲ.

ಭಾನುವಾರ ಬಣ್ಣ. ಗನ್ ಹಿಡಿದ ತೋಳು ಮರೆತಿರಲಿಲ್ಲ. ತಗಡಿನಿಂದ ಒಂದು ಗೇಣು ದೂರ, ಅಂಚಿನ ಆಚೆ ಶುರು ಮಾಡಿ ಆಚೆಯೇ ನಿಲ್ಲಿಸುವುದು, ಒಂದು ಪಟ್ಟಿಯ ಅರ್ಧದ ಮೇಲೆ ಇನ್ನೊಂದು. ಕಂಪ್ರೆಸರಿನ ಸದ್ದಿಗೆ ಮೇಲ್ಮನೆಯ ಅಜ್ಜಿ ಕಿಟಕಿಗೆ ಬಂದಳು.

"ಏನಪ್ಪಾ ಅದು, ಮೂಗು ಸುಟ್ಟುಹೋಯ್ತು!"

"ಇನ್ನೊಂದು ಗಂಟೆ ಅಜ್ಜಿ."

"ಮಿಕ್ಕಿದ್ರೆ ನನ್ನ ಮುಖಕ್ಕೂ ಒಂದು ಕೋಟು ಹೊಡಿ. ಸುಕ್ಕಾದ್ರೂ ಮುಚ್ಲಿ."

ಹೆಂಡತಿ ಒಳಗಿನಿಂದಲೇ ನಕ್ಕಳು. ಅವನು ನಗಲಿಲ್ಲ, ಗನ್ ಕೈಯಲ್ಲಿದ್ದಾಗ ಅವನು ಯಾವತ್ತೂ ನಗುತ್ತಿರಲಿಲ್ಲ. ಸಂಜೆ ಕೊನೆಯ ಹೊಳಪಿನ ಕೋಟು ಹೊಡೆದು ಮುಗಿಸಿದ.

ಪ್ರೈಮರ್ ಮಂಕು, ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಹೊಳಪು ಹಾಗಲ್ಲ, ಇದ್ದದ್ದನ್ನೆಲ್ಲ ಊರಿಗೆ ಸಾರುತ್ತದೆ. ಸೋಮವಾರ ಬೆಳಗಿನ ಬಿಸಿಲಿನಲ್ಲಿ ಬೆಡ್‌ಶೀಟು ಸರಿಸಿದಾಗ ನೀಲಿಯ ಮೇಲೆ ಮೂರು ದ್ವೀಪಗಳು ಎದ್ದು ನಿಂತಿದ್ದವು. ಪುಟ್ಟಿ ಮೆತ್ತಿದ ಒಂದೊಂದು ಅಂಚೂ ನಕ್ಷೆ ಬರೆದಂತೆ ಕಾಣುತ್ತಿತ್ತು. ಹೊಸದಾಗಿ ಕೆಲಸಕ್ಕೆ ಸೇರಿದವನೂ ಮಾಡದ ತಪ್ಪು.

ಅವನು ಆ ಅಂಚಿನ ಮೇಲೆ ಬಲಗೈ ಇಟ್ಟ. ಕಣ್ಣಿಗೆ ಕಾಣುತ್ತಿದೆ, ಕೈಗೆ ಇಲ್ಲ. ಎಡಗೈ ಇಟ್ಟ. ಇಲ್ಲ. ಒಳಗೆ ಹೋಗಿ ಉಜ್ಜುವ ಕಾಗದ ತಂದು ಅದರ ಒರಟು ಮುಖ ಸವರಿದ, ಹಿಂದಿನ ನುಣುಪು ಮುಖ ಸವರಿದ. ಎರಡೂ ಒಂದೇ.

ಅದನ್ನೇ ನೋಡುತ್ತಿದ್ದ ಹೆಂಡತಿ ತಲೆ ಬಾಚುತ್ತಾ ಬಂದು ಪಕ್ಕದಲ್ಲಿ ನಿಂತಳು.

"ಯಾವಾಗಿಂದ ರೀ?"

"ಗೊತ್ತಿಲ್ಲ. ಜೋಮು ಹಿಡಿದ ಹಾಗೆ ಆಗ್ತಿತ್ತು. ಹೋಗುತ್ತೆ ಅಂದ್ಕೊಂಡಿದ್ದೆ."

"ಹೋದ ತಿಂಗಳು ಒಲೆ ಮೇಲಿನ ಪಾತ್ರೆನ ಬಟ್ಟೆ ಇಲ್ದೆ ಇಳಿಸಿದ್ರಿ. ಭಾರಿ ಗಂಡಸು ಅಂತ ನಾನೇ ತಮಾಷೆ ಮಾಡಿದ್ನಲ್ಲ."

ಇಪ್ಪತ್ತಾರು ವರ್ಷ 'ಏನೂ ಸಿಗಬಾರದು' ಅನ್ನುವುದನ್ನೇ ಹುಡುಕಿದ ಕೈ. ಅದು ಸತ್ತ ಮೇಲೂ ಎಲ್ಲ ಸರಿಯಾಗಿದೆ ಅಂತಲೇ ಹೇಳುತ್ತಿತ್ತು, ಅವನು ನಂಬಿದ್ದ. ಅಳಬೇಕು ಅಂತಲೂ ಅನ್ನಿಸಲಿಲ್ಲವಂತೆ. ಆಮೇಲೆ ಒಂದು ದಿನ ನನಗೆ ಹೇಳಿದ್ದು ಇಷ್ಟೇ: "ಕಾರ್ಖಾನೆ ಮುಚ್ಚಿದ ದಿನದ ಥರಾನೇ ಇತ್ತು."

ಹೆಂಡತಿ ಬಾಚಣಿಗೆ ಸೊಂಟಕ್ಕೆ ಸಿಕ್ಕಿಸಿದಳು. "ಶುಕ್ರವಾರದವರೆಗೂ ಟೈಮಿದೆ. ಮತ್ತೆ ಉಜ್ಜಿ. ಸವರೋದು ನಾನು ಸವರ್ತೀನಿ."

"ನಿನಗೆ ಗೊತ್ತಾಗಲ್ಲ."

"ದಿನಕ್ಕೆ ಇನ್ನೂರು ಬೆಡ್‌ಶೀಟು ಮಡಚ್ತೀನಿ. ಒಂದು ಗೆರೆ ಉಳಿದ್ರೆ ಕತ್ತಲಲ್ಲೂ ಹೇಳ್ತೀನಿ. ಹೇಗೆ ಕೈ ಇಡ್ಬೇಕು ಅಂತ ಮೊದ್ಲು ತೋರ್ಸಿ."

ತೋರಿಸಿದ. ಅವಳ ಮಣಿಕಟ್ಟು ಹಿಡಿದು ಭಾರ ಹಾಕಬೇಡ, ಹಾಕಬೇಡ ಅಂತ ಎರಡು ಸಲ ಗದರಿದ. ಅವಳು ಪಾಳಿಯಿಂದ ಬಂದ ಮೇಲೆ ಸಂಜೆ ಬೆಳಕಿರುವವರೆಗೂ ಅದೇ ಕೆಲಸ. ಇವನು ಬಣ್ಣ ಕೆರೆದು ಪುಟ್ಟಿ ಉಜ್ಜುವುದು, ಅವಳು ಕಣ್ಣು ಮುಚ್ಚಿ ಸವರುವುದು.

"ಇಲ್ಲಿ ಕಾಗದ ಅಂಟಿಸಿದ ಅಂಚಿನ ಥರ ಇದೆ. ಇಲ್ಲಿ ಸಕ್ಕರೆ ಚೆಲ್ಲಿದ ಹಾಗಿದೆ. ಇಲ್ಲಿ... ಇರಿ, ಇಲ್ಲಿ ಏನೋ ಇದೆ. ಹೆಸರು ಗೊತ್ತಿಲ್ಲ."

"ಅಲೆ. ಅದು ಅಲೆ."

ಅವನು ಪೆನ್ಸಿಲ್ಲಿನಿಂದ ಗುರುತು ಹಾಕಿ ಮತ್ತೆ ಉಜ್ಜಿದ. ಬುಧವಾರ ಅವಳು "ಏನೂ ಇಲ್ಲ" ಅಂದಳು. ಮತ್ತೊಮ್ಮೆ ನೋಡು ಅಂದ. "ಏನೂ ಇಲ್ಲ ಕಣ್ರೀ, ನೀರಿನ ಮೇಲೆ ಕೈ ಇಟ್ಟಂಗಿದೆ." ಗುರುವಾರ ಅವಳು ರಜೆ ಹಾಕಿ ಕೂತಳು. ಪ್ರೈಮರ್, ಬಣ್ಣ, ಹೊಳಪು. ಈ ಸಲ ನೀಲಿಯಲ್ಲಿ ಮೇಲ್ಮನೆಯ ಕಿಟಕಿ, ಕಿಟಕಿಯ ಸರಳು, ಸರಳಿನ ಹಿಂದಿನ ಅಜ್ಜಿ, ಯಾವುದೂ ಎಲ್ಲೂ ಸೊಟ್ಟಗಾಗಲಿಲ್ಲ.

ಶುಕ್ರವಾರ ಅದನ್ನು ಕಂಬಳಿಯಲ್ಲಿ ಸುತ್ತಿ ತಳ್ಳುಗಾಡಿಯಲ್ಲಿ ಗ್ಯಾರೇಜಿಗೆ ಒಯ್ದ. ಯಜಮಾನ ಬೆಳಕಿಗೆ ಹಿಡಿದು ನೋಡಿದ, ಸವರಿದ, ಮತ್ತೆ ಸವರಿದ.

"ಪರವಾಗಿಲ್ವೇ ಮಾರಾಯಾ, ಕೈ ಇದೆ ನಿನಗೆ. ಬಾ ಇಲ್ಲಿ, ಈ ಬಾಗ್ಲು ತಯಾರಾಗಿದ್ಯಾ ನೋಡಿ ಹೇಳು. ಆಯ್ತು ಅಂದ್ರೆ ಈಗ್ಲೇ ಬಣ್ಣಕ್ಕೆ ಕಳಿಸ್ತೀನಿ."

ಬಾನೆಟ್ಟು ಆ ಬಾಗಿಲಿನ ಮೇಲೆ ಅಂಗೈ ಇಟ್ಟ. ಇಟ್ಟುಕೊಂಡೇ ನಿಂತ. ಊಹೆ ಮೇಲೆ ಹೌದೋ ಅಲ್ಲವೋ ಒಂದು ಅಂದುಬಿಡಬಹುದಿತ್ತು. ಅರ್ಧಕ್ಕರ್ಧ ಸರಿ ಹೋಗುತ್ತಿತ್ತು. ಆದರೆ ತಗಡಿನ ವಿಷಯದಲ್ಲಿ ಅವನು ಹುಟ್ಟಿದಾರಭ್ಯ ಸುಳ್ಳಾಡಿದವನಲ್ಲ.

"ನನ್ನ ಕೈಗೆ ಗೊತ್ತಾಗಲ್ಲ. ಹೊಡೆದಿದ್ದು ನಾನು, ಸವರಿ ನೋಡಿದ್ದು ನನ್ನ ಹೆಂಡ್ತಿ."

ಯಜಮಾನ ಕೆಟ್ಟವನಲ್ಲ. ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡ. "ಹಾಗಾದ್ರೆ ಅವಳನ್ನೂ ಕರ್ಕೊಂಡು ಬಾ. ಒಬ್ಬರು ಹೊಡೀರಿ, ಒಬ್ಬರು ಸವರಿ. ನನಗೆ ಗಾಡಿ ಹೊರಗೆ ಹೋದ್ರೆ ಸರಿ."

ಆಗಲೇ ಬಣ್ಣದ ಕೋಣೆಯಿಂದ ಪೇಂಟರ್‌ಗಳಿಬ್ಬರು ಊಟಕ್ಕೆ ಹೊರಬಂದರು. ಕೋಣೆಯ ಹೊಸ್ತಿಲ ಬಳಿ ಥಿನ್ನರ್ ತುಂಬಿದ ಬಕೆಟ್ಟು ಇತ್ತು. ಬಣ್ಣ ಕರಗಿಸುವ ಆ ದ್ರವದಲ್ಲಿ ಮೊಣಕೈವರೆಗೂ ಅದ್ದಿ, ಸೋಪು ಹಚ್ಚಿದವರ ಹಾಗೆ ತಿಕ್ಕಿ ತಿಕ್ಕಿ ಕೈ ತೊಳೆದರು. ಬಣ್ಣ ನೀರಿಗೆ ಬಗ್ಗುವುದಿಲ್ಲವಲ್ಲ. ನಮ್ಮ ಪೇಂಟ್ ಶಾಪಿನಲ್ಲೂ ಅದೇ ಆಗಿತ್ತು, ದಿನಕ್ಕೆ ಮೂರು ಸಲ. ಬಾನೆಟ್ಟು ಆ ನಾಲ್ಕು ಕೈಗಳನ್ನೇ ನೋಡಿದ.

"ಅವಳು ಬರಲ್ಲ," ಅಂದು ತಳ್ಳುಗಾಡಿ ತಿರುಗಿಸಿದ.

ಮನೆಯಲ್ಲಿ ಹೆಂಡತಿ ಪಾಳಿಗೆ ಹೊರಡುವ ಹೊತ್ತು, ಆವತ್ತು ಅವಳದು ಮಧ್ಯಾಹ್ನದ್ದು. ಕೇಳಿ ಅವಳಿಗೆ ರೇಗಿಹೋಯಿತು.

"ನಾನು ಬರಲ್ಲ ಅಂತ ಹೇಳೋಕೆ ನೀವ್ಯಾರು? ನನ್ನನ್ನ ಒಂದು ಮಾತು ಕೇಳಿದ್ರಾ? ಆ ಇಸ್ತ್ರಿ ಕಾವಲ್ಲಿ ಬೇಯೋಳು ನಾನು! ಇನ್ನು ಅಲ್ಲಿ ನಿಮಗೂ ಕೆಲಸ ಇಲ್ಲ, ನನಗೂ ಇಲ್ಲ!"

"ಅಲ್ಲಿ ಕೈ ಥಿನ್ನರ್‌ನಲ್ಲಿ ತೊಳೀತಾರೆ."

ಅವಳು ಅವನ ಮುಖ ನೋಡಿದಳು. ಕೈ ನೋಡಿದಳು. ಚೀಲಕ್ಕೆ ಊಟದ ಡಬ್ಬಿ ಹಾಕಿಕೊಳ್ಳುತ್ತಿದ್ದವಳು ನಿಲ್ಲಿಸಿದಳು.

"ಅದ್ರಿಂದಾನಾ?"

"ಮತ್ತಿನ್ಯಾತರಿಂದ?"

"ಅಲ್ಲಿದ್ದೋರಿಗೆ ಹೇಳಿದ್ರಾ?"

"ಇಲ್ಲ."

"ಮತ್ತೆ ಏನು ಹೇಳಿದ್ರಿ?"

"ಅವಳು ಬರಲ್ಲ ಅಂದೆ."

ಅವಳು ಬಾಗಿಲಲ್ಲಿ ಒಂದು ಕ್ಷಣ ನಿಂತಳು, ಇನ್ನೂ ಏನೋ ಕೇಳುವವಳ ಹಾಗೆ. ಆಮೇಲೆ ಬಸ್ಸು ತಪ್ಪುತ್ತದೆ ಅಂತ ಹೊರಟಳು. ಬಾನೆಟ್ಟು ಅಂಗಳಕ್ಕೆ ಹೋಗಿ ಕುಕ್ಕರುಗಾಲಲ್ಲಿ ಕೂತು, ನೆಲಕ್ಕೆ ಅಂಟಿಹೋಗಿದ್ದ ಪತ್ರಿಕೆಗಳನ್ನು ಉಗುರಿನಿಂದ ಎಬ್ಬಿಸತೊಡಗಿದ. ಕಾಗದ ಎದ್ದಿತೋ ಇಲ್ಲವೋ ಅಂತ ಪ್ರತಿ ಸಲವೂ ಬಗ್ಗಿ ನೋಡಬೇಕಾಗುತ್ತಿತ್ತು.