ಪೂಜೆಗೆ ಇಟ್ಟ ಪೆಟ್ಟಿಗೆ

ಆಗೆಲ್ಲ ನಮ್ಮ ಬೀದಿಯಲ್ಲಿ ಮಕ್ಕಳನ್ನು ಅಪ್ಪನ ಯಂತ್ರದಿಂದಲೇ ಗುರುತು ಹಿಡಿಯುತ್ತಿದ್ದರು. ನಾನು ಲೇತ್ ಸಿದ್ಲಿಂಗಪ್ಪನ ಮಗಳು. ಎದುರು ಮನೆಯ ಸರೋಜ ಡ್ರಿಲ್ಲಿಂಗಿನವರ ಹುಡುಗಿ. ಮೂಲೆ ಮನೆಯವರಿಗೆ ವೆಲ್ಡಿಂಗಿನವರು ಅಂತಲೇ ಹೆಸರು. ರಾಜಾಜಿನಗರದ ಕಾರ್ಖಾನೆ ಸಾಲಿನ ಹಿಂದಿನ ಬೀದಿ ಅದು. ಬೆಳಗಾದರೆ ಒಗ್ಗರಣೆ ವಾಸನೆಗಿಂತ ಮೊದಲು ಯಂತ್ರದ ಎಣ್ಣೆಯ ವಾಸನೆ ಮನೆಯೊಳಗೆ ಬರುತ್ತಿತ್ತು. ನಾವು ಬೇರಿಂಗಿನ ಗುಂಡುಗಳಲ್ಲಿ ಗೋಲಿ ಆಡಿ ಬೆಳೆದವರು. ಕಬ್ಬಿಣವನ್ನು ತಿರುಗಿಸಿ ಕಡೆಯುವ ಲೇತಿನಿಂದ ಸುರುಳಿ ಸುರುಳಿಯಾಗಿ ಬೀಳುವ ಕಬ್ಬಿಣದ ಸಿಪ್ಪೆ ನವಿಲಿನ ಕತ್ತಿನ ಹಾಗೆ ಹೊಳೆಯುತ್ತಿತ್ತು. ಅದನ್ನು ಬಳೆ ಮಾಡಿಕೊಳ್ಳಲು ಹೋಗಿ ಸರೋಜಳೂ ನಾನೂ ಎಷ್ಟು ಸಲ ಕೈ ಕುಯ್ದುಕೊಂಡೆವೋ. ಅಮ್ಮ ಗಾಯಕ್ಕೆ ಅರಿಶಿನ ಮೆತ್ತಿ, ಅದರ ಮೇಲೊಂದು ಮೊಟಕು ಕೊಡುತ್ತಿದ್ದಳು.

ನಮ್ಮದು ತಿಪಟೂರು ಕಡೆ. ಅಪ್ಪನನ್ನು ಬೆಂಗಳೂರಿಗೆ ಕರೆತಂದು ಕೆಲಸಕ್ಕೆ ಹಚ್ಚಿದವರು ಅದೇ ಊರಿನ ರುದ್ರಣ್ಣ. ಅವರು ಆ ಕಾರ್ಖಾನೆಯ ಫೋರ್‌ಮನ್. ನಾವಿದ್ದದ್ದು ಒಂದೇ ವಠಾರ, ಎರಡು ಮನೆಗೂ ನಡುವೆ ಒಂದೇ ಗೋಡೆ. ನನಗೆ ಅವರು ರುದ್ರಣ್ಣ ಮಾವ, ಅವರ ಹೆಂಡತಿ ಗೌರತ್ತೆ. ಅವರಿಗೂ ಹೆಣ್ಣುಮಕ್ಕಳೇ. ಗೌರತ್ತೆ ಅಕ್ಕಿರೊಟ್ಟಿ ತಟ್ಟಿದ ದಿನ ಗೋಡೆಗೆ ಲಟ್ಟಣಿಗೆಯಿಂದ ಬಡಿಯುತ್ತಿದ್ದರು, ನಾನು ತಟ್ಟೆ ಹಿಡಿದು ಓಡುತ್ತಿದ್ದೆ. ಸೋಮವಾರ ಬಂದರೆ ಅಪ್ಪ, ಮಾವ ಇಬ್ಬರೂ ಲಿಂಗಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಹಚ್ಚಿಕೊಂಡು ಜೊತೆಯಲ್ಲೇ ಕೆಲಸಕ್ಕೆ ಹೊರಡುತ್ತಿದ್ದರು. ಒಡಹುಟ್ಟಿದವರೂ ಹಾಗಿರುವುದಿಲ್ಲ ಅಂತ ಅಮ್ಮ ಹೇಳುತ್ತಿದ್ದಳು.

ಅಪ್ಪನ ಹತ್ತಿರ ಒಂದು ಹಸಿರು ತಗಡಿನ ಪೆಟ್ಟಿಗೆ ಇತ್ತು. ಕೂದಲೆಳೆಯ ದಪ್ಪವನ್ನೂ ಅಳೆಯುವ ಮೈಕ್ರೋಮೀಟರು, ಅಳತೆಪಟ್ಟಿಗಳು, ತಾವೇ ಸಾಣೆ ಹಿಡಿದು ಮಾಡಿಕೊಂಡ ಉಳಿಗಳು, ಎಲ್ಲವೂ ಅಮ್ಮನ ಹಳೇ ರವಿಕೆ ಬಟ್ಟೆಯೊಳಗೆ ಮಲಗಿರುತ್ತಿದ್ದವು. ಯಂತ್ರ ಸಾಹುಕಾರರದು, ಪೆಟ್ಟಿಗೆ ಮಾತ್ರ ನಂದು ಅನ್ನುತ್ತಿದ್ದರು. ಬೆಳಿಗ್ಗೆ ಸೈಕಲ್ಲಿನ ಕ್ಯಾರಿಯರ್ ಮೇಲೆ ಹೋದ ಪೆಟ್ಟಿಗೆ ಸಂಜೆ ಅವರ ಜೊತೆಗೇ ಮನೆಗೆ ಬರುತ್ತಿತ್ತು. ವರ್ಷದಲ್ಲಿ ಒಂದು ಸಲ ಮಾತ್ರ ಅದು ಮನೆಗೆ ಬರುತ್ತಿರಲಿಲ್ಲ. ಆಯುಧಪೂಜೆಗೆ ಯಂತ್ರದ ಮೇಲೆ ಇಟ್ಟ ಸಾಮಾನನ್ನು ವಿಜಯದಶಮಿ ಕಳೆದು ಕೆಲಸ ಶುರುವಾಗುವ ತನಕ ಯಾರೂ ಕದಲಿಸುತ್ತಿರಲಿಲ್ಲ. ನಿಮ್ಮ ಮನೆಗಳಲ್ಲೂ ಈ ಪದ್ಧತಿ ಇದ್ದೀತು. ದುಡಿಯುವ ಕಬ್ಬಿಣಕ್ಕೂ ಒಂದು ದಿನ ನಿದ್ದೆ ಬೇಕು ಅಂತ ಅಮ್ಮ ಹೇಳುತ್ತಿದ್ದಳು.

ಆ ವರ್ಷ ನಮ್ಮ ಸಾಲಿನ ಶೆಡ್ಡುಗಳು ಒಂದೊಂದಾಗಿ ಬಾಗಿಲು ಹಾಕುತ್ತಾ ಬಂದವು. ದೊಡ್ಡ ಕಂಪನಿಗಳಿಂದ ಬರುತ್ತಿದ್ದ ಆರ್ಡರು ನಿಂತಿತ್ತು. ಹೊತ್ತೇರಿದರೂ ಗಂಡಸರು ಟೀ ಅಂಗಡಿ ಮುಂದೆ ಪೇಪರು ಹಂಚಿಕೊಂಡು ಓದುತ್ತಾ ನಿಂತಿರುತ್ತಿದ್ದರು. ಸರೋಜಳ ಅಪ್ಪನ ಡ್ರಿಲ್ಲಿಂಗ್ ಕೆಲಸ ಹೋಗಿ, ಅವರು ತರಕಾರಿ ಗಾಡಿ ತಳ್ಳಲು ಶುರು ಮಾಡಿದ್ದರು. ಅಪ್ಪನ ಕಾರ್ಖಾನೆಯಲ್ಲೂ ವಾರಕ್ಕೆ ಮೂರು ದಿನ ಕೆಲಸ ಅಷ್ಟೇ. ಅಮ್ಮ ಕಾರ್ತೀಕದ ದೀಪಕ್ಕೆ ಹರಕೆ ಹೊತ್ತಳು.

ಆ ಹೊತ್ತಿಗೆ ರುದ್ರಣ್ಣ ಮಾವ ಒಂದು ಸಂಜೆ ಬಂದು, ಈ ಸಲ ಆಯುಧಪೂಜೆ ಜೋರಾಗಿ ಮಾಡಬೇಕು ಅಂತ ಸಾಹುಕಾರರು ಹೇಳಿದಾರೆ, ಎಲ್ಲ ಯಂತ್ರಕ್ಕೂ ಹೊಸ ಬಣ್ಣ ಹೊಡೆಯಬೇಕಂತೆ ಅಂದರು. ಅವತ್ತು ನಮ್ಮ ಮನೆಯಲ್ಲಿ ಎಲ್ಲರೂ ಹೊಟ್ಟೆ ತುಂಬ ಉಂಡೆವು. ಅಮ್ಮನ ಲೆಕ್ಕ ಸರಳವಾಗಿತ್ತು.

"ಮುಚ್ಚೋನು ಬಣ್ಣ ಹೊಡೆಸ್ತಾನೇನ್ರೀ?"

ಬೀದಿಯೆಲ್ಲ ಅದೇ ಮಾತಾಯಿತು. ಹಬ್ಬಕ್ಕೆ ಮುಂಚೆ ಗಂಡಸರ ಜೊತೆ ಹೆಂಗಸರು, ಮಕ್ಕಳೂ ಕಾರ್ಖಾನೆಗೆ ಹೋದೆವು. ಸೀಮೆಎಣ್ಣೆಯಲ್ಲಿ ಬನಿಯನ್ ಚಿಂದಿ ಅದ್ದಿ ಒಂದೊಂದು ಹಲ್ಲುಚಕ್ರವನ್ನೂ ಉಜ್ಜಿದೆವು. ಅಪ್ಪ ತಮ್ಮ ಲೇತಿನ ಕೆಳಗೆ ಅಂಗಾತ ಮಲಗಿ, ಯಾರಿಗೂ ಕಾಣದ ಕಡೆಯೆಲ್ಲ ಬಣ್ಣ ಹಚ್ಚಿದರು. ಅಲ್ಲಿ ಯಾರು ನೋಡ್ತಾರಪ್ಪಾ ಅಂದರೆ, ಅದಕ್ಕೆ ಗೊತ್ತಾಗುತ್ತೆ ಅಂದರು. ಆ ಸೀಮೆಎಣ್ಣೆ, ಬಣ್ಣ, ಅವಲಕ್ಕಿ ಪೊಟ್ಟಣದ ಹಸಿಮೆಣಸಿನಕಾಯಿ ಎಲ್ಲ ಬೆರೆತ ವಾಸನೆ ನನ್ನ ಪಾಲಿಗೆ ಈಗಲೂ ದಸರಾ ವಾಸನೆ.

ಹಬ್ಬದ ದಿನ ಲೇತಿನ ಸುತ್ತ ರಂಗೋಲಿ ಬಿಡುವ ಕೆಲಸ ನನ್ನದು. ನಾಲ್ಕೂ ಕಡೆ ಎಳೆ ಎಳೆದು ಮೂಲೆಗೆ ಬಿಲ್ವದ ಎಲೆ ಬಿಡಿಸಿದೆ. ಅಪ್ಪ ಯಂತ್ರದ ನೆತ್ತಿಗೆ ಮೂರು ಬೆರಳಲ್ಲಿ ವಿಭೂತಿ ಎಳೆದರು. ಹಸಿರು ಪೆಟ್ಟಿಗೆಗೆ ಸೇವಂತಿಗೆ ಹಾರ ಬಿತ್ತು. ಬೂದುಗುಂಬಳ ಒಡೆದರು, ಕಡಲೆಪುರಿ ಹಂಚಿದರು. ಸಾಹುಕಾರರ ಜೊತೆ ಬಿಳಿ ಅಂಗಿಯ ಇಬ್ಬರು ಬಂದಿದ್ದರು. ನಮ್ಮ ಸಂಬಂಧಿಕರು, ಪೂಜೆಗೆ ಬಂದಿದಾರೆ ಅಂತ ಸಾಹುಕಾರರು ಹೇಳಿದರು. ಆರತಿ ಆದ ಮೇಲೆ ಒಂದು ಕ್ಷಣ ಯಂತ್ರ ಓಡಿಸಿ ನಿಲ್ಲಿಸುವುದು ವಾಡಿಕೆ. ಆ ಇಬ್ಬರೂ ಅಪ್ಪನ ಪಕ್ಕದಲ್ಲೇ ಬಂದು ನಿಂತು, ಇನ್ನೊಂದ್ಸಲ ಓಡಿಸಿ, ಈ ಗೇರು ಹಾಕಿ, ಆ ಗೇರು ಹಾಕಿ ಅಂತ ಕೇಳಿದರು. ಅಪ್ಪನಿಗೆ ಹಿಗ್ಗು. ಮದುವಣಗಿತ್ತಿಯನ್ನು ತೋರಿಸುವ ಹಾಗೆ ತೋರಿಸಿದರು. ಎಷ್ಟು ವರ್ಷವಾದರೂ ಒಂದು ಚೂರು ಅಲುಗಾಟ ಇಲ್ಲ ಸಾರ್ ಅಂತ ತಾವಾಗಿಯೇ ಹೇಳಿದರು.

ಮನೆಗೆ ಹೊರಡುವಾಗ ಅಪ್ಪನಿಗೆ ಏನನ್ನಿಸಿತೋ, ಪೆಟ್ಟಿಗೆಯ ಹಿಡಿಯ ಮೇಲೆ ಕೈ ಇಟ್ಟರು. ಕಾಲ ಸರಿಯಿಲ್ಲ, ತಗೊಂಡೇ ಹೋಗ್ತೀನಿ ಅಂದರು.

ರುದ್ರಣ್ಣ ಮಾವ ಪಕ್ಕದಲ್ಲೇ ಇದ್ದರು. "ಪೂಜೆಗೆ ಇಟ್ಟಿದ್ದನ್ನ ಕದಲಿಸ್ತಾರೇನೋ ಸಿದ್ಲಿಂಗ? ಶಿವನ ಮುಂದೆ ಇಟ್ಟಿದೀಯ. ಬಿಟ್ಟು ಬಾ."

ಅಮ್ಮನೂ ಹೌದು ಹೌದು ಅಂದಳು. ಅಪ್ಪ ಕೈ ತೆಗೆದರು.

ವಿಜಯದಶಮಿಯ ಮಧ್ಯಾಹ್ನ ಮಾವ ನಮ್ಮ ಮನೆಗೆ ಬಂದು ಬನ್ನಿ ಎಲೆ ಕೊಟ್ಟರು. ಬಂಗಾರದ ಹಾಗೆ ಇರೋಣ ಅಂತ ಅಪ್ಪನನ್ನು ತಬ್ಬಿಕೊಂಡರು. ಅಮ್ಮ ಹೋಳಿಗೆಗೆ ಕೂರಿಸಿದರೆ, ಸ್ವಲ್ಪ ಕೆಲಸ ಇದೆ ಅಂತ ಅರ್ಧಕ್ಕೇ ಎದ್ದು ಹೋದರು.

ಮಾರನೇ ದಿನ ನನಗೆ ಶಾಲೆ ರಜೆ. ಯಂತ್ರದ ಮೇಲಿನ ಹೂವಿನ ಪ್ರಸಾದ ತರಲು ಅಪ್ಪನ ಸೈಕಲ್ಲಿನ ಮುಂದೆ ಕೂತು ಹೋದೆ. ಗೇಟಿಗೆ ಬೀಗ ಬಿದ್ದಿತ್ತು. ಹೊರಗೆ ಜನ ನಿಂತಿದ್ದರು. ಗೇಟಿನ ಸಂದಿಯಿಂದ ನಾನು ಇಣುಕಿ ನೋಡಿದೆ. ಶೆಡ್ಡಿನ ಬಾಗಿಲು ಅರ್ಧ ತೆರೆದಿತ್ತು. ನಾನು ಬಿಟ್ಟ ರಂಗೋಲಿ ಕಾಣಿಸಿತು. ಒಂದು ಕಡೆ ಅಳಿಸಿಹೋಗಿತ್ತು, ಮೂರು ಕಡೆ ಹಾಗೇ ಇತ್ತು. ನಡುವೆ ಲೇತ್ ಇರಲಿಲ್ಲ. ಎಣ್ಣೆ ಕುಡಿದ ಕಪ್ಪು ನೆಲ ಇತ್ತು.

ನಾವೆಲ್ಲ ಬನ್ನಿ ಹಂಚುತ್ತಾ ಇದ್ದ ಹೊತ್ತಿಗೆ ಲಾರಿಗಳು ಬಂದಿದ್ದವಂತೆ. ಗೇಟಿನ ಕಾವಲುಗಾರ ತಲೆ ತಗ್ಗಿಸಿಕೊಂಡು ಹೇಳಿದ. ಬಿಳಿ ಅಂಗಿಯವರು ಯಂತ್ರ ಕೊಂಡ ಹೊಸೂರಿನವರು. ಲೋಡು ಮಾಡಿಸಲು ಮುಂದೆ ನಿಂತವರು ರುದ್ರಣ್ಣ ಮಾವ.

ಅಪ್ಪ ಸೀದಾ ಮಾವನ ಮನೆಗೆ ಹೋದರು. ಮಾವ ಅಪ್ಪನ ಕೈ ಹಿಡಿದುಕೊಂಡರು. ಸಾಹುಕಾರರು ಹಬ್ಬದ ದಿನವೇ ಬಾಯಿಬಿಟ್ಟಿದ್ದು, ನನಗೂ ಮೊದಲು ಗೊತ್ತಿರಲಿಲ್ಲ, ಗಡಿಬಿಡಿಯಲ್ಲಿ ನಿನ್ನ ಪೆಟ್ಟಿಗೆ ಯಂತ್ರದ ಜೊತೆಗೇ ಹೋಗಿಬಿಟ್ಟಿದೆ, ತರಿಸಿಕೊಡ್ತೀನಿ ಅಂದರು. ಅಪ್ಪ ನಂಬಿದರು. ನಂಬದೆ ಇರಲು ನಮಗೆ ಕಾರಣವೇ ಇರಲಿಲ್ಲ.

ಆಮೇಲೆ ಅಪ್ಪ ಕೆಲಸ ಹುಡುಕಿಕೊಂಡು ಪೀಣ್ಯ, ಮಾಗಡಿ ರಸ್ತೆ, ಕೆಂಗೇರಿ ಅಂತ ಸೈಕಲ್ ತುಳಿದರು. ಎಲ್ಲ ಕಡೆ ಇದ್ದವರನ್ನೇ ಕಳಿಸುತ್ತಿದ್ದರು. ಕಾಮಾಕ್ಷಿಪಾಳ್ಯದ ಒಂದು ಸಣ್ಣ ಶೆಡ್ಡಿನವರು ಮಾತ್ರ ಅಪ್ಪನ ಕೈಕೆಲಸ ನೋಡಿ ಒಪ್ಪಿದರು. ಅಳತೆ ಸಾಮಾನು ಕೊಡಲು ನಮ್ಮಿಂದ ಆಗಲ್ಲ, ನಿಮ್ಮದೇ ತಂದ್ಕೊಂಡು ಬನ್ನಿ, ಸ್ವಲ್ಪ ದಿನ ಕಾಯ್ತೀವಿ ಅಂದರು. ಹೊಸದಾಗಿ ಕೊಳ್ಳುವ ಸ್ಥಿತಿ ನಮ್ಮದಲ್ಲ. ಅಪ್ಪ ದಿನಾ ಸಂಜೆ ಪಕ್ಕದ ಮನೆಯ ಹೊಸ್ತಿಲಲ್ಲಿ ನಿಂತು ಪೆಟ್ಟಿಗೆ ಕೇಳುವರು. ಮಾವ ದಿನಾ ನಾಳೆ ಅನ್ನುವರು. ಕೊನೆಗೆ ಕಾಮಾಕ್ಷಿಪಾಳ್ಯದವರು ಸಾಮಾನು ಇದ್ದ ಇನ್ನೊಬ್ಬರನ್ನು ತೆಗೆದುಕೊಂಡರು.

ಶಿವ ಪೂರ್ತಿ ಕೈಬಿಟ್ಟ ಅಂತ ನಾನು ಹೇಳುವುದಿಲ್ಲ. ಸೋದರಮಾವ ಊರಿಂದ ಒಂದು ಮೂಟೆ ರಾಗಿ ಕಳಿಸಿದರು. ಸರೋಜಳ ಅಪ್ಪ ಗಾಡಿಯಲ್ಲಿ ಉಳಿದ ಸೊಪ್ಪನ್ನು ಹೇಳದೆ ಕೇಳದೆ ನಮ್ಮ ಕಿಟಕಿಯಲ್ಲಿ ಇಟ್ಟು ಹೋಗುತ್ತಿದ್ದರು. ಆ ಚಳಿಗಾಲ ಮನೆಯಲ್ಲಿ ಒಬ್ಬರಿಗೂ ಜ್ವರ ಬರಲಿಲ್ಲ. ಅಮ್ಮ ಹರಕೆಯ ದೀಪವನ್ನೂ ತಪ್ಪಿಸಲಿಲ್ಲ. ಎಣ್ಣೆ ಕಡಿಮೆಯಾದ ದಿನ ಬತ್ತಿ ಸಣ್ಣದು ಮಾಡಿದಳು ಅಷ್ಟೇ.

ದೀಪಾವಳಿ ಕಳೆದ ಮೇಲೆ ರುದ್ರಣ್ಣ ಮಾವ ಮನೆ ಖಾಲಿ ಮಾಡಿ ಹೊಸೂರಿಗೆ ಹೊರಟರು. ಅವರಿಗೆ ಅಲ್ಲಿ ಕೆಲಸ ಸಿಕ್ಕಿತ್ತು. ಟೆಂಪೋ ಬಂದು ನಿಂತಿತ್ತು. ಗೌರತ್ತೆಗೆ ಕುಂಕುಮ ಕೊಡಲು ಅಮ್ಮ ತಟ್ಟೆ ಹಿಡಿದು ಹೋದಳು, ನಾನು ಹಿಂದೆ ಹೋದೆ. ಅಪ್ಪ ಅಂಗಿಯ ತೋಳು ಮಡಚಿ ಮಂಚ, ಪಾತ್ರೆಮೂಟೆ, ಒಳಕಲ್ಲು ಎಲ್ಲ ಎತ್ತಿ ಎತ್ತಿ ಟೆಂಪೋಗೆ ಕೊಡುತ್ತಿದ್ದರು. ಜಮಖಾನೆಯಲ್ಲಿ ಸುತ್ತಿದ್ದ ಒಂದು ಗಂಟು ಅವರ ಕೈಗೆ ಬಂತು. ಎತ್ತಿದವರು ಅಲ್ಲೇ ನಿಂತರು. ಬಿಚ್ಚಿ ನೋಡುವ ಅಗತ್ಯ ಅವರಿಗಿರಲಿಲ್ಲ. ಎಷ್ಟು ವರ್ಷ ಹೊತ್ತ ಭಾರ ಅದು.

ಗೌರತ್ತೆ ಕುಂಕುಮ ತೆಗೆದುಕೊಳ್ಳಲು ಚಾಚಿದ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು.

"ಯಾವಾಗಿಂದ ಗೊತ್ತಿತ್ತು ರುದ್ರಣ್ಣ?" ಅಪ್ಪ ಕೇಳಿದರು.

ಮಾವ ಹಗ್ಗ ಬಿಗಿಯುವುದನ್ನು ನಿಲ್ಲಿಸಿದರು. "ಗಣೇಶನ ಹಬ್ಬದಿಂದ."

ಅಪ್ಪ ಗಂಟನ್ನು ಕೆಳಗಿಡಲಿಲ್ಲ. ಮಾವನೇ ಮಾತು ಮುಂದುವರಿಸಿದರು. "ಅಲ್ಲಿ ಫೋರ್‌ಮನ್ ಬೇಡವಂತೆ ಕಣೋ. ನಿನ್ನ ಲೇತ್ ಮೇಲೆ ನನ್ನ ನಿಲ್ಲಿಸ್ತಾರೆ. ಸಾಮಾನು ಇದ್ರೆ ಕೆಲಸ, ಇಲ್ಲಾಂದ್ರೆ ಇಲ್ಲ ಅಂದ್ರು. ನಂದು ಯಾವತ್ತೋ ಕೊಟ್ಟುಬಿಟ್ಟಿದೀನಿ. ಹೆಣ್ಣುಮಕ್ಕಳಿದಾವೆ ನಂಗೆ."

ಅಪ್ಪ ನನ್ನ ಕಡೆ ನೋಡಿದರು. "ನಂಗೂ ಇದಾಳೆ" ಅಂದರು. ಗಂಟನ್ನು ಎದೆಗೆ ಅವುಚಿಕೊಂಡು ಮನೆಯೊಳಗೆ ಹೋದರು.

ಅಮ್ಮ ಗೌರತ್ತೆಯ ಹಣೆಗೆ ತಾನೇ ಕುಂಕುಮ ಇಟ್ಟಳು. ಹೊರಟ ಮುತ್ತೈದೆಯನ್ನು ಬರಿಗೈಯಲ್ಲಿ ಕಳಿಸಬಾರದು ಅಂತ ರವಿಕೆ ಕಣವನ್ನೂ ಕೊಟ್ಟಳು. ಹೋಗಿ ಬಾ ಅನ್ನುವ ಮಾತು ಮಾತ್ರ ಅವಳ ಬಾಯಿಂದ ಬರಲಿಲ್ಲ.

ಪೆಟ್ಟಿಗೆ ಮನೆಗೆ ಬಂತು, ನಿಜ. ಆದರೆ ಅಷ್ಟರಲ್ಲಿ ಅದನ್ನು ತೆಗೆದುಕೊಂಡು ಹೋಗಿ ನಿಲ್ಲಲು ಒಂದು ಲೇತೂ ಉಳಿದಿರಲಿಲ್ಲ. ಬೇಸಿಗೆಯ ತನಕ ಕಾದು, ಅಪ್ಪ ವಿಜಯನಗರದ ಒಂದು ಕಲ್ಯಾಣ ಮಂಟಪಕ್ಕೆ ಕಾವಲುಗಾರರಾಗಿ ಸೇರಿದರು. ಮದುವೆ ದಿನಗಳಲ್ಲಿ ನಮಗೆ ಬಾದೂಷ, ಚಿರೋಟಿ ಬರುತ್ತಿತ್ತು. ಅದೂ ಶಿವನ ಕೃಪೆಯೇ. ರುದ್ರಣ್ಣ ಮಾವನಿಗೆ ಹೊಸೂರಿನಲ್ಲಿ ಲೇತ್ ಸಿಗಲಿಲ್ಲ, ಮೂಟೆ ಹೊರುತ್ತಿದ್ದಾರೆ ಅಂತ ಯಾರೋ ಬಂದು ಹೇಳಿದರು. ಅದನ್ನು ಕೇಳಿ ನಮ್ಮ ಮನೆಯಲ್ಲಿ ಯಾರಿಗೂ ಸಮಾಧಾನ ಆಗಲಿಲ್ಲ. ಅಮ್ಮ ಅವರನ್ನು ಬಯ್ಯಲು ಹೊರಟ ದಿನ ಅಪ್ಪ ತಡೆದು ಒಂದೇ ಮಾತು ಹೇಳಿದರು.

"ಹೊಟ್ಟೆಪಾಡಿಗೆ ತಗೊಂಡ, ಹೋಗ್ಲಿ ಬಿಡು. ದೇವರ ಹೆಸರು ಹೇಳಿ ನನ್ನ ಕೈ ಬಿಡಿಸಿದ್ನಲ್ಲ, ಅದನ್ನ ಏನ್ ಮಾಡ್ಲಿ?"

ಅಮ್ಮ ಎದ್ದು ಹೋಗಿ ದೇವರ ದೀಪಕ್ಕೆ ಎಣ್ಣೆ ಹಾಕಿದಳು. ದಿನಾ ದೇವರಿಗೆ ದೀಪ ಹಚ್ಚುವಾಗ ನನಗೆ ಈಗಲೂ ಅಪ್ಪನ ಆ ಮಾತು ನೆನಪಾಗುತ್ತದೆ.

ಈಗ ನಾವು ಬೆಂಗಳೂರಿನಲ್ಲೇ ಉಲ್ಲಾಳದ ಕಡೆ ಇದ್ದೇವೆ. ಆ ಹಳೇ ಬೀದಿಗೆ ಒಂದು ಸಲ ಹೋಗಿದ್ದೆ. ಶೆಡ್ಡಿದ್ದ ಜಾಗದಲ್ಲಿ ಗಾಜಿನ ಅಂಗಡಿ ಸಾಲು ಬಂದಿದೆ. ಅಲ್ಲಿನ ಮಕ್ಕಳನ್ನು ನಿಮ್ಮಪ್ಪ ಏನು ಕೆಲಸ ಮಾಡುತ್ತಾರೆ ಅಂತ ಕೇಳಿದರೆ, ಯಾವುದೋ ಕಂಪನಿ, ಆಂಟಿ ಅನ್ನುತ್ತವೆ. ಗೋಡೆಗೆ ಬಡಿದು ರೊಟ್ಟಿಗೆ ಕರೆಯುವವರಿಲ್ಲ. ಕರೆದರೂ ನಾನು ಮೊದಲಿನ ಹಾಗೆ ತಟ್ಟೆ ಹಿಡಿದು ಓಡುತ್ತೇನೋ ಇಲ್ಲವೋ.

ನನ್ನ ಯಜಮಾನರು ಮೈಸೂರು ರಸ್ತೆಯ ಒಂದು ಗಾರ್ಮೆಂಟ್ಸಿನಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಾರೆ. ಈ ವರ್ಷ ಅಲ್ಲಿ ಆರ್ಡರಿಲ್ಲದೆ ಹೊಲಿಗೆ ಸಾಲುಗಳನ್ನು ನಿಲ್ಲಿಸಿದ್ದಾರೆ, ಹುಡುಗಿಯರನ್ನು ಮನೆಗೆ ಕಳಿಸುತ್ತಿದ್ದಾರೆ. ಮೊನ್ನೆ ಇವರು ಅಲ್ಲಿಗೆ ಆಯುಧಪೂಜೆಗೆ ಹೊರಟಾಗ ಹೇಳಿದೆ. ಕತ್ತರಿ, ಟೇಪು, ಕನ್ನಡಕ, ಬುತ್ತಿ ಡಬ್ಬಿ, ಪೂಜೆಗೆ ಏನೇ ಇಟ್ಟಿದ್ದರೂ ಆರತಿ ಆದ ತಕ್ಷಣ ತೆಗೆದುಕೊಂಡು ಬನ್ನಿ, ಒಂದನ್ನೂ ಅಲ್ಲಿ ಬಿಡಬೇಡಿ ಅಂದೆ. ಎಲ್ಲದಕ್ಕೂ ಶಾಸ್ತ್ರ ಹೇಳುವ ನನ್ನ ಬಾಯಲ್ಲಿ ಇಂಥ ಮಾತು ಕೇಳಿ ಇವರಿಗೆ ನಗು ಬಂತು.

"ಯಾಕೇ? ಹಬ್ಬ ಮುಗಿದ್ರೆ ಮತ್ತೆ ಅಲ್ಲಿಗೇ ತಾನೇ ಹೋಗೋದು?" ಅಂದರು ಚಪ್ಪಲಿ ಮೆಟ್ಟಿಕೊಳ್ಳುತ್ತಾ.

ನಾನು ಒಂದು ಖಾಲಿ ಚೀಲ ತಂದು ಇವರ ಕೈಗೆ ಕೊಟ್ಟೆ. ಆ ಮಾತನ್ನು ಅಷ್ಟು ಹಗುರವಾಗಿ ಆಡುವ ಮನೆಯಲ್ಲೇ ನಾನೂ ಹುಟ್ಟಿದ್ದೆ.